ಕಾಲೇಜಿನ ಮಕ್ಕಳಿಗೂ ಮಧ್ಯಾಹ್ನದ ಊಟ ಕೊಡಿ: ಕೋಲಾರ ಜಿಲ್ಲಾ ಉಸ್ತುವಾರಿ ಸಚಿವರಿಗೆ ಬಹಿರಂಗ ಪತ್ರ

ಮಾನ್ಯ ಸಚಿವರೇ,

ನಮಸ್ಕಾರಗಳು. ನಾನು ಶ್ರೀನಿವಾಸಪುರ ತಾಲ್ಲೂಕಿನ ಸರ್ಕಾರಿ ಶಾಲೆಯೊಂದರಲ್ಲಿ ಅಕ್ಷರ ದಾಸೋಹದ, ಅಂದರೆ ಶಾಲಾ ಮಕ್ಕಳ ಬಿಸಿಯೂಟದ ಅಡುಗೆ ಮಾಡುವವಳು. ಐದನೇ ತರಗತಿಯವರೆಗಿನ ಮಗುವಿಗೆ 100 ಗ್ರಾಂ, ಅದಕ್ಕೆ ಮೇಲಿನವರಿಗೆ 150 ಗ್ರಾಂ ಎಂದು ಹನ್ನೊಂದು ವರ್ಷಗಳಿಂದ ಅಕ್ಕಿ ಅಳೆದು ಬೇಯಿಸುತ್ತಿದ್ದೇನೆ. ನನ್ನ ಮಗಳೂ ಅದೇ ಪಂಕ್ತಿಯಲ್ಲಿ ಕುಳಿತು ಉಂಡು ಎಸ್ಸೆಸ್ಸೆಲ್ಸಿ ಮುಗಿಸಿದಳು. ಈಗ ಅವಳು ಜಿಲ್ಲೆಯ ಸರ್ಕಾರಿ ಪದವಿ ಕಾಲೇಜೊಂದರಲ್ಲಿ ಬಿ.ಎಸ್ಸಿ. ಓದುತ್ತಿದ್ದಾಳೆ, ವಾರದಲ್ಲಿ ಮೂರು ನಾಲ್ಕು ದಿನ ಮಧ್ಯಾಹ್ನ ಬರಿಹೊಟ್ಟೆಯಲ್ಲಿರುತ್ತಾಳೆ.

ಬುತ್ತಿ ಕಟ್ಟಿಕೊಡಬಾರದೇ ಎಂದು ಕೇಳುವವರಿದ್ದಾರೆ. ನಮ್ಮೂರಿನ ಮೊದಲ ಬಸ್ಸು ಆರೂಮುಕ್ಕಾಲಿಗೆ ಹೊರಡುತ್ತದೆ, ಅದು ತಪ್ಪಿದರೆ ಬೆಳಗಿನ ಎರಡು ತರಗತಿಗಳು ತಪ್ಪುತ್ತವೆ. ನಾನು ಹಾಲು ಕರೆದು ಡೈರಿಗೆ ಹಾಕಿ ಬರುವಷ್ಟರಲ್ಲಿ ಅವಳು ಹೊರಟಿರುತ್ತಾಳೆ. ರಾತ್ರಿಯ ಮುದ್ದೆ ಮಧ್ಯಾಹ್ನಕ್ಕೆ ಗಟ್ಟಿಯಾಗುತ್ತದೆ, ಬೇಸಿಗೆಯಲ್ಲಿ ಅನ್ನ ಸಾರು ಹಳಸುತ್ತದೆ. ಕಟ್ಟಿಕೊಟ್ಟ ದಿನವೂ ಆ ಒಂದು ಡಬ್ಬಿ ಮೂವರಿಗೆ ಹಂಚಿಹೋಗುತ್ತದೆ, ಏಕೆಂದರೆ ಅವಳ ಜೊತೆಯ ಇಬ್ಬರು ಹುಡುಗಿಯರು ಏನನ್ನೂ ತಂದಿರುವುದಿಲ್ಲ. ಒಬ್ಬಳ ತಾಯಿ ನಸುಕಿನಲ್ಲೇ ಟೊಮೆಟೊ ಕೀಳುವ ಕೂಲಿಗೆ ಹೋಗಿರುತ್ತಾಳೆ. ಇನ್ನೊಬ್ಬಳು ಬಾಡಿಗೆ ಕೋಣೆಯಲ್ಲಿದ್ದು ಓದುತ್ತಿದ್ದಾಳೆ; ಊಟ, ವಸತಿಗೆಂದು ಸರ್ಕಾರದಿಂದ ಅವಳಿಗೆ ಸಿಗುವ ವಿದ್ಯಾಸಿರಿ ಸಹಾಯಧನ ತಿಂಗಳಿಗೆ 1,500 ರೂಪಾಯಿ, ಅದೂ ವರ್ಷದಲ್ಲಿ 10 ತಿಂಗಳು. ದಿನಕ್ಕೆ 50 ರೂಪಾಯಿಯಲ್ಲಿ ಬಾಡಿಗೆಯನ್ನೂ ಕಟ್ಟಿ ಎರಡು ಹೊತ್ತು ಉಣ್ಣುವುದು ಹೇಗೆಂದು ತಾವೇ ಹೇಳಬೇಕು. ನನ್ನ ಮಗಳಿಗಾಗಿ ವಿದ್ಯಾರ್ಥಿನಿಲಯಕ್ಕೆ ಎರಡು ವರ್ಷ ಅರ್ಜಿ ಹಾಕಿದೆವು, ಎರಡು ವರ್ಷವೂ ಸೀಟು ಸಿಗಲಿಲ್ಲ.

ಕಳೆದ ಫೆಬ್ರವರಿಯಲ್ಲಿ ರಸಾಯನಶಾಸ್ತ್ರದ ಪ್ರಯೋಗಾಲಯದಲ್ಲಿ ಅವಳು ಕೈಯಲ್ಲಿದ್ದ ಬ್ಯೂರೆಟ್ ಸಮೇತ ಕುಸಿದು ಬಿದ್ದಳು. ಗಾಜು ಒಡೆದು ಅಂಗೈ ಸೀಳಿತು. ಫೋನು ಬಂದಾಗ ನಾನು ಶಾಲೆಯಲ್ಲಿ ಬಡಿಸುತ್ತಿದ್ದೆ, ಸೌಟನ್ನು ಜೊತೆಯವರ ಕೈಗೆ ಕೊಟ್ಟು ಓಡಿದೆ. ನಾನು ಹೋಗಿ ನಿಂತಾಗ ಅಲ್ಲಿದ್ದ ಸಿಬ್ಬಂದಿಯೊಬ್ಬರು, 'ಮಗಳಿಗೆ ತಿಂಡಿ ಕೊಟ್ಟು ಕಳಿಸೋಕೆ ಆಗಲ್ವೇನಮ್ಮಾ?' ಎಂದು ಎಲ್ಲರ ಮುಂದೆ ಕೇಳಿದರು. ವೈದ್ಯರು ರಕ್ತ ಪರೀಕ್ಷೆ ಮಾಡಿಸಿ ಹಿಮೋಗ್ಲೋಬಿನ್ 8 ಇದೆ ಎಂದರು, ಮಾತ್ರೆ ಬರೆದರು, ಹೊತ್ತಿಗೆ ಸರಿಯಾಗಿ ಊಟ ಮಾಡಬೇಕು ಎಂದರು. ಅಂದು ನಾನು ಮಾಡಿದ್ದು ಸೊಪ್ಪಿನ ಸಾಂಬಾರು. ಉಳಿದದ್ದನ್ನು ಮನೆಗೆ ಒಯ್ಯುವಂತಿಲ್ಲ, ನಾನು ಯಾವತ್ತೂ ಒಯ್ದಿಲ್ಲ. ಅದು ಆ ಮಕ್ಕಳ ಲೆಕ್ಕದ್ದು. ಆದರೆ ಆ ರಾತ್ರಿ ಅವಳ ಕೈಗೆ ಕಟ್ಟಿದ್ದ ಬಟ್ಟೆಯನ್ನು ನೋಡುತ್ತಾ ನನಗೆ ನಿದ್ದೆ ಬರಲಿಲ್ಲ.

ಕಾನೂನು ತಮಗೆ ತಿಳಿದೇ ಇದೆ. 2013ರ ರಾಷ್ಟ್ರೀಯ ಆಹಾರ ಭದ್ರತಾ ಕಾಯ್ದೆ ಬಿಸಿಯೂಟವನ್ನು ಎಂಟನೇ ತರಗತಿಯವರೆಗೆ ಮಾತ್ರ ಹೇಳಿದ್ದರೂ ನಮ್ಮ ರಾಜ್ಯ ಒಂಬತ್ತು ಮತ್ತು ಹತ್ತನೇ ತರಗತಿಯವರಿಗೂ ಒಲೆ ಹಚ್ಚಿದೆ. ಹಾಗಾದರೆ ಪಿಯು ಮತ್ತು ಪದವಿ ಮಕ್ಕಳಿಗೆ ಹಚ್ಚಲು ಅಡ್ಡಿ ಯಾವುದು? ನಮ್ಮ ತಾಲ್ಲೂಕಿನ ಗಡಿ ದಾಟಿದರೆ ಆಂಧ್ರ. ಅಲ್ಲಿ 2025ರ ಜನವರಿಯಿಂದ ಸರ್ಕಾರಿ ಜೂನಿಯರ್ ಕಾಲೇಜುಗಳ, ಅಂದರೆ ನಮ್ಮ ಪಿಯು ಹಂತದ ಮಕ್ಕಳು ಮಧ್ಯಾಹ್ನ ಉಣ್ಣುತ್ತಿದ್ದಾರೆ. ಬೆಂಗಳೂರಿಗೆ ತರಕಾರಿ, ಹಾಲು ಕಳಿಸುವ ಜಿಲ್ಲೆ ನಮ್ಮದು, ನಮ್ಮ ಮಕ್ಕಳು ಐದು ರೂಪಾಯಿಯ ಬಿಸ್ಕತ್ತಿನ ಪೊಟ್ಟಣವನ್ನು ಮೂವರು ಹಂಚಿಕೊಂಡು ನಲ್ಲಿಯ ನೀರು ಕುಡಿಯುತ್ತಿದ್ದಾರೆ. ಇದನ್ನು ಬರೆಯುವಾಗ ನನಗೆ ಸಿಟ್ಟು ಬರುತ್ತಿದೆ, ಕ್ಷಮಿಸಿ.

ಶಕ್ತಿ ಯೋಜನೆಯಿಂದ ಮಗಳ ಬಸ್ಸಿನ ಖರ್ಚು ತಪ್ಪಿದೆ, ಆ ಉಪಕಾರವನ್ನು ಮರೆತಿಲ್ಲ. ಬಸ್ಸು ಹತ್ತಿಸಿದ ಸರ್ಕಾರವೇ ಊಟವನ್ನೂ ಕೊಡಲಿ ಎಂದು ಕೇಳುತ್ತಿದ್ದೇನೆ. ಜಿಲ್ಲೆಯ ಎಲ್ಲ ಸರ್ಕಾರಿ ಪಿಯು ಮತ್ತು ಪದವಿ ಕಾಲೇಜುಗಳಲ್ಲಿ ಮಧ್ಯಾಹ್ನದ ಊಟ ಆರಂಭಿಸಿ. ಪರಿಶೀಲಿಸುತ್ತೇವೆ ಎಂಬ ಉತ್ತರವನ್ನು ಹಿಂದೆ ಎರಡು ಮನವಿಗಳಿಗೆ ಪಡೆದಿದ್ದೇನೆ, ಅದು ಮತ್ತೆ ಬೇಡ. ಜಿಲ್ಲೆಯ ಕೆಲಸಗಳ ಪ್ರಗತಿ ನೋಡುವ ಮುಂದಿನ ಕೆಡಿಪಿ ಸಭೆಯಲ್ಲಿ ಈ ವಿಷಯವನ್ನೇ ಮೊದಲು ಚರ್ಚೆಗೆ ತೆಗೆದುಕೊಳ್ಳಿ, ಊಟ ಯಾವ ತಿಂಗಳಿನಿಂದ ಶುರುವಾಗುತ್ತದೆ ಎಂದು ಅಲ್ಲಿಯೇ ತಿಳಿಸಿ. ಅಡುಗೆಯವರು ಸಿಗುವುದಿಲ್ಲ ಎಂದು ಅಧಿಕಾರಿಗಳು ಹೇಳಿದರೆ, ಶಾಲೆಯ ಕೆಲಸ ಮುಗಿದ ಮೇಲೆ ಬಂದು ಮರುದಿನದ ಅಕ್ಕಿ ಬೇಳೆ ಆರಿಸಿಕೊಡಲು ನಾನು ಸಿದ್ಧಳಿದ್ದೇನೆ.

ಇಂತಿ ತಮ್ಮ ವಿಶ್ವಾಸಿ,
ಅಕ್ಷರ ದಾಸೋಹದ ಅಡುಗೆಯವಳು,
ಶ್ರೀನಿವಾಸಪುರ ತಾಲ್ಲೂಕು