ಆಲೂಗಡ್ಡೆಗೆ ಎಷ್ಟು ಡಿಗ್ರಿಯ ತಂಪು ಬೇಕೆಂದು ಮೊದಲು ಕೇಳೋಣ

ಮಾನ್ಯ ಸಂಪಾದಕರೇ,

ಕೋಲಾರ ಮತ್ತು ಚಿಕ್ಕಬಳ್ಳಾಪುರ ಜಿಲ್ಲೆಗಳಿಗೆ ಇನ್ನಷ್ಟು ಶೀತಲಗೃಹಗಳು ಬೇಕೆಂಬ ರೈತರ ಬೇಡಿಕೆ ತಮ್ಮ ಪತ್ರಿಕೆಯ ಜಿಲ್ಲಾ ಪುಟದಲ್ಲಿ ಆಗಾಗ ಕಾಣಿಸಿಕೊಳ್ಳುತ್ತಿರುತ್ತದೆ. ಬೇಡಿಕೆ ನ್ಯಾಯವಾದದ್ದೇ. ಹಿಂಗಾರಿನ ಆಲೂಗಡ್ಡೆ ಕೀಳುವ ಹೊತ್ತಿಗೆ ಬೇಸಿಗೆ ಬಾಗಿಲಿಗೆ ಬಂದಿರುತ್ತದೆ. ಎಲ್ಲರ ಮಾಲೂ ಒಟ್ಟಿಗೆ ಮಂಡಿಗೆ ಇಳಿದು ಬೆಲೆ ನೆಲ ಕಚ್ಚುತ್ತದೆ. ಮನೆಯಲ್ಲೇ ರಾಶಿ ಹಾಕಿಟ್ಟರೆ ಎರಡು ಮೂರು ತಿಂಗಳಲ್ಲಿ ಮೊಳಕೆಯೊಡೆದು ಗಡ್ಡೆ ಸುಕ್ಕುಗಟ್ಟುತ್ತದೆ. ಆದರೆ ಈ ಚರ್ಚೆಯಲ್ಲಿ ಕೇಳಿಬರುವುದೆಲ್ಲ ಎಷ್ಟು ಸಾವಿರ ಟನ್ನಿನ ಕಟ್ಟಡ, ಎಷ್ಟು ಕೋಟಿಯ ಅನುದಾನ ಎಂಬ ಮಾತೇ ಹೊರತು, ಒಳಗಿನ ಉಷ್ಣಾಂಶ ಎಷ್ಟಿರಬೇಕೆಂದು ಕೇಳುವವರಿಲ್ಲ. ಆಲೂಗಡ್ಡೆಯ ಮಟ್ಟಿಗೆ ಇದೇ ಮೊದಲ ಪ್ರಶ್ನೆಯಾಗಬೇಕು ಎನ್ನಲು ಜೀವರಸಾಯನ ವಿಜ್ಞಾನದಲ್ಲಿ ಗಟ್ಟಿಯಾದ ಆಧಾರವಿದೆ.

ಮಾಲೂರು ಕಡೆಯ ನನ್ನ ಭಾವಮೈದುನ ಚಿಪ್ಸ್‌ಗೆಂದೇ ಕುಫ್ರಿ ಚಿಪ್ಸೋನಾ ತಳಿಯನ್ನು ಬೆಳೆದು, ಒಳ್ಳೆಯ ಬೆಲೆ ಬರಲೆಂದು ಒಂದು ಶೀತಲಗೃಹದಲ್ಲಿ ಇರಿಸಿದ್ದರು. ಹುಣಸೆಹಣ್ಣು, ಒಣಮೆಣಸಿನಕಾಯಿ, ಬಿತ್ತನೆ ಗಡ್ಡೆ ಎಲ್ಲವನ್ನೂ ಒಂದೇ ತಂಪಿನಲ್ಲಿಡುವ ಜಾಗ ಅದು. ತಿಂಗಳುಗಳ ನಂತರ ಚೀಲ ಬಿಚ್ಚಿದಾಗ ಗಡ್ಡೆಗಳು ಕಣ್ಣಿಗೆ ಚೆನ್ನಾಗಿಯೇ ಇದ್ದವು: ಮೊಳಕೆಯಿಲ್ಲ, ಕೊಳೆತವಿಲ್ಲ, ತೂಕವೂ ಹೆಚ್ಚೇನು ಇಳಿದಿರಲಿಲ್ಲ. ಚಿಂತಾಮಣಿಯ ಚಿಪ್ಸ್ ತಯಾರಕರೊಬ್ಬರು ಮಾದರಿಗೆ ನಾಲ್ಕು ಗಡ್ಡೆ ಹೆಚ್ಚಿ ಬಾಣಲೆಗೆ ಬಿಟ್ಟರು. ಬಿಲ್ಲೆಗಳ ಅಂಚು ಮೊದಲು ಕಂದಾಯಿತು, ನೊರೆ ಅಡಗುವಷ್ಟರಲ್ಲಿ ನಡುಭಾಗವೂ ಅದೇ ಬಣ್ಣಕ್ಕೆ ತಿರುಗಿತು, ಜಾಲರಿಗೆ ಎತ್ತುವ ಹೊತ್ತಿಗೆ ಸೀದ ಬೆಲ್ಲದ ಬಣ್ಣ. ಬಾಯಿಗಿಟ್ಟರೆ ಕಹಿ. "ಎಣ್ಣೆ ಈಗ ತಾನೇ ಸುರ್ದಿರೋದು ಸಾರ್, ನಿಮ್ ಗಡ್ಡೆಗೇ ಸಕ್ಕರೆ ಹಿಡಿದೈತೆ" ಎಂದು ಅವರು ಮಾಲನ್ನು ವಾಪಸು ಕಳಿಸಿದರು. ಅವರು ಹೇಳಿದ್ದು ಅಕ್ಷರಶಃ ನಿಜ. ತಳಿ ಸರಿಯಿತ್ತು, ಬೆಳೆದವರ ಕೆಲಸವೂ ಸರಿಯಿತ್ತು, ಕೆಟ್ಟದ್ದು ಶೇಖರಣೆಯಲ್ಲಿ.

ತಂಪಿನಲ್ಲಿಟ್ಟ ಆಲೂಗಡ್ಡೆ ಸಿಹಿಯಾಗುತ್ತದೆಂಬುದನ್ನು ಸ್ವಿಟ್ಜರ್ಲೆಂಡಿನ ಹರ್ಮನ್ ಮುಲ್ಲರ್ ತುರ್ಗಾವ್ 1882ರಲ್ಲೇ ವಿವರವಾಗಿ ದಾಖಲಿಸಿದ್ದರು. (ಯುರೋಪಿನ ಒಂದು ದ್ರಾಕ್ಷಿ ತಳಿಗೆ ಇಂದಿಗೂ ಅವರದೇ ಹೆಸರಿದೆ, ದ್ರಾಕ್ಷಿಯನ್ನೂ ಆಲೂಗಡ್ಡೆಯನ್ನೂ ಬೆಳೆಯುವ ಚಿಕ್ಕಬಳ್ಳಾಪುರದವರು ನೆನಪಿಟ್ಟುಕೊಳ್ಳಬಹುದಾದ ವ್ಯಕ್ತಿ.) ಗಡ್ಡೆಯಲ್ಲಿನ ಪಿಷ್ಟ ಒಡೆದು ಸುಕ್ರೋಸ್ ಆಗುತ್ತದೆ, ಇನ್ವರ್ಟೇಸ್ ಎಂಬ ಕಿಣ್ವ ಆ ಸುಕ್ರೋಸನ್ನು ಸೀಳಿ ಗ್ಲೂಕೋಸ್ ಮತ್ತು ಫ್ರಕ್ಟೋಸ್ ಮಾಡುತ್ತದೆ. ಈ ಎರಡು ಸಕ್ಕರೆಗಳು ಕಾದ ಎಣ್ಣೆಯಲ್ಲಿ ಅಮೈನೊ ಆಮ್ಲಗಳೊಡನೆ ಕೂಡಿಕೊಂಡಾಗ ಕಂದು ಬಣ್ಣವೂ ಕಹಿಯೂ ಹುಟ್ಟುತ್ತವೆ. ಆದರೆ ಕಿಣ್ವ ಗಡ್ಡೆಯೊಳಗೇ ಇರುವಾಗ, ಹೊಲದಿಂದ ಆಗಷ್ಟೇ ಕಿತ್ತ ಆಲೂಗಡ್ಡೆಯಲ್ಲಿ ಈ ಸಕ್ಕರೆಗಳು ಅಷ್ಟು ಕಡಿಮೆ ಏಕಿರುತ್ತವೆ?

ಇದಕ್ಕೆ ಉತ್ತರದ ಒಂದು ಮುಖ್ಯ ಭಾಗ ಸಿಕ್ಕಿದ್ದು 1961ರಲ್ಲಿ. ಅಮೆರಿಕದ ಕೃಷಿ ಇಲಾಖೆಗೆ ಸೇರಿದ, ಕ್ಯಾಲಿಫೋರ್ನಿಯಾದ ಆಲ್ಬನಿಯಲ್ಲಿದ್ದ ಪ್ರಯೋಗಾಲಯದ ಜೀವರಸಾಯನ ವಿಜ್ಞಾನಿ ಸಿಗ್ಮಂಡ್ ಶ್ವಿಮ್ಮರ್ ಮತ್ತು ಅವರ ಸಹೋದ್ಯೋಗಿಗಳು, ಆಲೂಗಡ್ಡೆಯಲ್ಲಿ ಇನ್ವರ್ಟೇಸ್ ಮಾತ್ರವಲ್ಲದೆ ಅದರ ಕೆಲಸಕ್ಕೆ ತಡೆಯೊಡ್ಡುವ ಪ್ರತಿಬಂಧಕವೂ ಇದೆಯೆಂದು ತೋರಿಸಿದರು. ಆ ಪ್ರತಿಬಂಧಕವೂ ಒಂದು ಪ್ರೋಟೀನು. ಕಿಣ್ವಕ್ಕೆ ಅಂಟಿಕೊಂಡು ಅದನ್ನು ಕಟ್ಟಿಹಾಕುತ್ತದೆ. ಹೀಗಾಗಿ ಗಡ್ಡೆಯನ್ನು ಅರೆದು ರಸ ತೆಗೆದು ಸುಮ್ಮನೆ ಅಳೆದರೆ ಕಿಣ್ವ ಇರುವುದಕ್ಕಿಂತ ಕಡಿಮೆಯೆಂದೇ ಕಾಣುತ್ತದೆ, ಪ್ರತಿಬಂಧಕವನ್ನು ಹಾಳುಗೆಡವಿದ ಮೇಲಷ್ಟೇ ಅದರ ಪೂರ್ಣ ಬಲ ಹೊರಬೀಳುತ್ತದೆ. ಇಷ್ಟು ತಿಳಿದ ಮೇಲೆ ಕಿಣ್ವವನ್ನೂ ಅದರ ತಡೆಯನ್ನೂ ಬೇರೆಬೇರೆಯಾಗಿ ಅಳೆಯುವುದು ಸಾಧ್ಯವಾಯಿತು. 1966ರಲ್ಲಿ ಪ್ರೆಸ್ಸಿ ಮತ್ತು ಶಾ ಎಂಬ ವಿಜ್ಞಾನಿಗಳು ಅದನ್ನೇ ಮಾಡಿ, ಗಡ್ಡೆಗಳನ್ನು ತಂಪಿಗೆ ಒಯ್ದಾಗ ಇನ್ವರ್ಟೇಸ್ ಏರಿ ಪ್ರತಿಬಂಧಕವನ್ನು ಮೀರುತ್ತದೆ, ಮತ್ತೆ ಬೆಚ್ಚಗಿನ ಜಾಗಕ್ಕೆ ತಂದಾಗ ಕಿಣ್ವ ಇಳಿದು ಪ್ರತಿಬಂಧಕದ ಕೈ ಮೇಲಾಗುತ್ತದೆ ಎಂದು ತೋರಿಸಿದರು. ಗಡ್ಡೆಯ ಸಕ್ಕರೆ ಇವೆರಡರ ಮೇಲಾಟವನ್ನು ಅನುಸರಿಸಿ ಏರಿಳಿಯುತ್ತದೆ.

ಇಂತಹ ಸಂಶೋಧನೆ ಪ್ರಯೋಗಾಲಯದ ಕುತೂಹಲವಾಗಿ ಉಳಿಯಲಿಲ್ಲ. ತಂಬಾಕಿನ ಗಿಡದ ಇದೇ ಬಗೆಯ ಪ್ರತಿಬಂಧಕದ ಜೀನನ್ನು ಆಲೂಗಡ್ಡೆಗೆ ಸೇರಿಸಿದ ಜರ್ಮನಿಯ ವಿಜ್ಞಾನಿಗಳು, ತಂಪಿನಲ್ಲಿ ಕೂಡಿಕೊಳ್ಳುವ ಸಕ್ಕರೆ ಶೇ 75ರವರೆಗೆ ಕಡಿಮೆಯಾದುದನ್ನು 1999ರಲ್ಲಿ ವರದಿ ಮಾಡಿದರು. ಇಳುವರಿಗಾಗಲಿ ಪಿಷ್ಟಕ್ಕಾಗಲಿ ಧಕ್ಕೆಯಾಗಲಿಲ್ಲ. 2010ರಲ್ಲಿ ಅಮೆರಿಕದ ವಿಸ್ಕಾನ್ಸಿನ್ ವಿಶ್ವವಿದ್ಯಾಲಯದ ತಂಡ ಇನ್ವರ್ಟೇಸ್ ಜೀನನ್ನೇ ಅಡಗಿಸಿ, 4 ಡಿಗ್ರಿಯಲ್ಲಿಟ್ಟ ಗಡ್ಡೆಯಿಂದಲೂ ತಿಳಿ ಬಣ್ಣದ ಚಿಪ್ಸ್ ಪಡೆಯಿತು. ಅದರಲ್ಲಿ ಅಕ್ರಿಲಮೈಡ್ ಅಂಶ ಹದಿನೈದು ಪಟ್ಟು ತಗ್ಗಿತ್ತು. ಕ್ಯಾನ್ಸರ್ ತರಬಹುದೆಂಬ ಶಂಕೆಯಿರುವ ಈ ರಾಸಾಯನಿಕ ಹುರಿದ, ಕರಿದ ತಿನಿಸುಗಳಲ್ಲಿ ಇದೆಯೆಂಬುದು ಸ್ವೀಡನ್ನಿನಿಂದ 2002ರಲ್ಲಿ ಹೊರಬಿದ್ದ ಸಂಗತಿ. ಆಲೂಗಡ್ಡೆಯಲ್ಲಿ ಹೇರಳವಾಗಿರುವ ಆಸ್ಪರಜಿನ್ ಎಂಬ ಅಮೈನೊ ಆಮ್ಲ ಇದೇ ಗ್ಲೂಕೋಸ್, ಫ್ರಕ್ಟೋಸ್‌ಗಳೊಡನೆ ಕಾದಾಗ ಅದು ಹುಟ್ಟುತ್ತದೆ. ಆದ್ದರಿಂದ ಕಪ್ಪಾದ ಚಿಪ್ಸ್ ಅಂಗಡಿಯವರ ನಷ್ಟದ ವಿಷಯ ಮಾತ್ರವಲ್ಲ, ತಿನ್ನುವವರ ಆರೋಗ್ಯದ ವಿಷಯವೂ ಹೌದು.

ಕುಲಾಂತರಿ ಆಲೂಗಡ್ಡೆಯ ಸಾಗುವಳಿಗೆ ನಮ್ಮ ದೇಶದಲ್ಲಿ ಅನುಮತಿಯಿಲ್ಲ. ಅದಕ್ಕಾಗಿ ಕಾಯುವ ಅಗತ್ಯವೂ ನಮಗಿಲ್ಲ, ಏಕೆಂದರೆ ಉಷ್ಣಾಂಶವನ್ನು ಸರಿಪಡಿಸಿದರೆ ತೊಂದರೆಯ ಬಹುಪಾಲು ನೀಗುತ್ತದೆ. ಬಿತ್ತನೆ ಗಡ್ಡೆಗೆ 2ರಿಂದ 4 ಡಿಗ್ರಿ ಸೆಲ್ಸಿಯಸ್ ಸರಿ. ಅಲ್ಲಿ ಸಕ್ಕರೆ ಹೆಚ್ಚಾದರೆ ಬಿತ್ತುವವರಿಗೆ ನಷ್ಟವಿಲ್ಲ. ಚಿಪ್ಸ್‌ಗೆ ಹೋಗುವ ಗಡ್ಡೆಗೆ 10ರಿಂದ 12 ಡಿಗ್ರಿ ಬೇಕು. ಪಲ್ಯ, ಸಾಗುವಿಗೆ ಬಳಸುವವರು ಸಿಹಿ ಆಲೂಗಡ್ಡೆಯನ್ನು ಗೊಣಗಿಕೊಂಡಾದರೂ ತಿನ್ನುತ್ತಾರೆ, ಆದರೆ ಅವರಿಗೂ ಈ ಬೆಚ್ಚಗಿನ ಕೋಣೆಯ ಗಡ್ಡೆಯೇ ರುಚಿ. 10ರಿಂದ 12 ಡಿಗ್ರಿಯಲ್ಲಿ ಮೊಳಕೆ ಬರುವುದು ನಿಜವಾದ್ದರಿಂದ ಸಿಐಪಿಸಿ ಎಂಬ ಮೊಳಕೆ ನಿರೋಧಕವನ್ನು ಹೊಗೆಯಂತೆ ಹಾಯಿಸುವ ಪದ್ಧತಿ ನಮ್ಮ ದೇಶದಲ್ಲಿದೆ. ಯುರೋಪಿನ ಒಕ್ಕೂಟ ಇದರ ಅನುಮತಿಯನ್ನು 2019ರಲ್ಲಿ ನವೀಕರಿಸಲಿಲ್ಲ ಎಂಬುದನ್ನೂ ಹೇಳಲೇಬೇಕು; ಆದ್ದರಿಂದ ಅದನ್ನು ನಿಗದಿತ ಪ್ರಮಾಣದಲ್ಲಿ, ತರಬೇತಿ ಪಡೆದವರೇ ಬಳಸಬೇಕು. ಅದಕ್ಕಿಂತ ಮುಖ್ಯವಾಗಿ, ಆ ಹೊಗೆ ಸೋಕಿದ ಬಿತ್ತನೆ ಗಡ್ಡೆ ಹೊಲದಲ್ಲಿ ಸರಿಯಾಗಿ ಮೊಳೆಯುವುದಿಲ್ಲ. ಬಿತ್ತನೆಯದನ್ನೂ ಚಿಪ್ಸಿನದನ್ನೂ ಒಂದೇ ಕೋಣೆಯಲ್ಲಿಟ್ಟರೆ, ಯಾವ ಉಷ್ಣಾಂಶ ಇಟ್ಟರೂ ಒಂದು ಕಡೆಯ ರೈತ ಕೆಡುತ್ತಾನೆ.

ಈಗಾಗಲೇ ಸಿಹಿಯಾದ ಗಡ್ಡೆಯನ್ನು 15ರಿಂದ 20 ಡಿಗ್ರಿಯಲ್ಲಿ ಎರಡು ಮೂರು ವಾರ ಇಟ್ಟರೆ ಸಕ್ಕರೆ ಸಾಕಷ್ಟು ಇಳಿಯುತ್ತದೆ, ತೀರಾ ಹಳೆಯ ಗಡ್ಡೆಗಳಲ್ಲಿ ಮಾತ್ರ ಇಳಿಯುವುದಿಲ್ಲ. ನನ್ನ ಭಾವಮೈದುನನ ಮಾಲನ್ನು ತಿರಸ್ಕರಿಸಿದ ದಿನ ಈ ಮಾತನ್ನು ಅವರಿಗೆ ಹೇಳುವವರು ಯಾರಾದರೂ ಮಂಡಿಯಲ್ಲಿ ಇದ್ದಿದ್ದರೆ, ಅವರು ಸಿಕ್ಕ ಬೆಲೆಗೆ ಲೋಡು ಇಳಿಸಿ ಬರುತ್ತಿರಲಿಲ್ಲ.

ಕೇಂದ್ರದ ಸಮಗ್ರ ತೋಟಗಾರಿಕೆ ಅಭಿವೃದ್ಧಿ ಯೋಜನೆಯ ಮಾನದಂಡದಲ್ಲೇ ಎರಡು ಬಗೆಯ ಶೀತಲಗೃಹಗಳಿವೆ: ಒಂದೇ ಉಷ್ಣಾಂಶದ ದೊಡ್ಡ ಕೋಣೆಗಳ ಸಾಮಾನ್ಯ ಬಗೆ, ಮತ್ತು ಹಲವು ಉಷ್ಣಾಂಶ, ಹಲವು ಬೆಳೆಗಳಿಗಾಗಿ ಚಿಕ್ಕ ಕೋಣೆಗಳಾಗಿ ವಿಂಗಡಿಸಿದ ಎರಡನೇ ಬಗೆ. ಕಡಿಮೆ ಖರ್ಚಿನದೆಂದು ಮೊದಲನೆಯದನ್ನೇ ಕಟ್ಟಿಸಿಕೊಂಡರೆ ನಮ್ಮ ಜಿಲ್ಲೆಗಳಿಗೆ ಆಗುವ ಉಪಯೋಗ ಅರ್ಧವೇ, ಏಕೆಂದರೆ ಇಲ್ಲಿ ಆಲೂಗಡ್ಡೆಯ ಜೊತೆಗೆ ಹೆಚ್ಚು ತಂಪನ್ನು ತಾಳದ ಟೊಮೆಟೊ ಕೂಡ ಇದೆ. ಅನುದಾನದ ಅರ್ಜಿಗಳನ್ನು ಪರಿಶೀಲಿಸುವ ತೋಟಗಾರಿಕೆ ಇಲಾಖೆಯು ಆಲೂಗಡ್ಡೆ ಬೆಳೆಯುವ ತಾಲ್ಲೂಕುಗಳಲ್ಲಿ ಎರಡನೇ ಬಗೆಗೇ ಆದ್ಯತೆ ಕೊಡಬೇಕೆಂದೂ, ಪ್ರತಿ ಕೋಣೆಯ ದಿನವಹಿ ಉಷ್ಣಾಂಶದ ದಾಖಲೆಯನ್ನು ಮಾಲು ಇಟ್ಟ ರೈತ ಕೇಳಿದಾಗ ತೋರಿಸುವುದನ್ನು ಷರತ್ತಾಗಿ ಸೇರಿಸಬೇಕೆಂದೂ ಕೋರುತ್ತೇನೆ.

ಇನ್ನೊಂದು ಕೆಲಸಕ್ಕೆ ಅನುದಾನವೂ ಬೇಕಿಲ್ಲ. ಮೂತ್ರದಲ್ಲಿ ಸಕ್ಕರೆ ನೋಡಲು ಔಷಧ ಅಂಗಡಿಯಲ್ಲಿ ಸಿಗುವ ಗ್ಲೂಕೋಸ್ ಪಟ್ಟಿಯನ್ನು ಹೆಚ್ಚಿದ ಆಲೂಗಡ್ಡೆಯ ಹಸಿ ಮೈಗೆ ಒತ್ತಿ ಹಿಡಿದರೆ, ಸ್ವಲ್ಪ ಹೊತ್ತಿನಲ್ಲೇ ಅದರ ಬಣ್ಣ ಬದಲಾಗಿ ಸಕ್ಕರೆ ಹೆಚ್ಚಿದೆಯೋ ಇಲ್ಲವೋ ತಿಳಿಯುತ್ತದೆ. ಇದು ಫ್ರಕ್ಟೋಸನ್ನು ಹಿಡಿಯುವುದಿಲ್ಲ, ನೂರು ಗ್ರಾಂ ಗಡ್ಡೆಯಲ್ಲಿ ಸಕ್ಕರೆ 100ರಿಂದ 150 ಮಿಲಿಗ್ರಾಂ ಮೀರಬಾರದೆಂಬ ಚಿಪ್ಸ್ ಉದ್ಯಮದ ಮಿತಿಯನ್ನು ಕರಾರುವಾಕ್ಕಾಗಿ ಅಳೆಯುವುದೂ ಇಲ್ಲ. ಆದರೆ ಶೀತಲಗೃಹದಿಂದ ಚೀಲ ಹೊರಬರುವಾಗ ಯಾವುದನ್ನು ಚಿಪ್ಸ್‌ಗೆ ಕಳಿಸಬೇಕು, ಯಾವುದನ್ನು ಇನ್ನೂ ಕೆಲವು ವಾರ ಬೆಚ್ಚಗಿಡಬೇಕು ಎಂದು ನಿರ್ಧರಿಸಲು ಅಷ್ಟು ಸಾಕು. ಕೋಲಾರದ ಟಮಕ ಮತ್ತು ಚಿಂತಾಮಣಿ ಬಳಿಯ ಕುರುಬೂರಿನ ಕೃಷಿ ವಿಜ್ಞಾನ ಕೇಂದ್ರಗಳು ಬರುವ ಹಿಂಗಾರಿಗೆ ಮುನ್ನ ಆಲೂಗಡ್ಡೆ ಬೆಳೆಗಾರರಿಗೂ ಶೀತಲಗೃಹದ ಸಿಬ್ಬಂದಿಗೂ ಈ ಪರೀಕ್ಷೆಯನ್ನು ಮಾಡಿ ತೋರಿಸಲಿ ಎಂದು ತಮ್ಮ ಪತ್ರಿಕೆಯ ಮೂಲಕ ವಿನಂತಿಸುತ್ತೇನೆ.

ಇಂತಿ ತಮ್ಮ ವಿಶ್ವಾಸಿ,
ರಸಾಯನಶಾಸ್ತ್ರದ ನಿವೃತ್ತ ಉಪನ್ಯಾಸಕ
ಚಿಂತಾಮಣಿ