ಎತ್ತಿದವನೇ ಇಳಿಸಬೇಕು

ಪ್ರೀತಿಯ ಪುಟ್ಟಿಗೆ,

ದೊಡ್ಡಮ್ಮನ ಆಶೀರ್ವಾದ. ನಿನ್ನ ಪತ್ರ ತಲುಪಿತು. "ಮೆತ್ತಗಿದ್ದರೆ ತಲೆ ಮೇಲೆ ಹತ್ತಿ ಕೂರುತ್ತಾರೆ, ಗಟ್ಟಿಯಾದರೆ ನನಗೇ ರಾತ್ರಿ ನಿದ್ದೆ ಬರಲ್ಲ" ಅಂತ ಬರೆದಿದ್ದೀಯ. ದಿನಾ ಸಾಮಾಯಿಕಕ್ಕೆ, ನಮ್ಮ ಜೈನರ ಧ್ಯಾನಕ್ಕೆ, ಕೂತರೂ ಏನೂ ಪ್ರಯೋಜನ ಕಾಣುತ್ತಿಲ್ಲ ಅಂತಲೂ ಸೇರಿಸಿದ್ದೀಯ. ಹಾಸ್ಟೆಲ್ ವಾರ್ಡನ್ ಕೆಲಸ ಅಂದರೆ ಸುಮ್ನೆ ಅಲ್ಲ. ಅಷ್ಟು ಹೆಣ್ಣುಮಕ್ಕಳು, ಅವರ ಅಪ್ಪ ಅಮ್ಮ, ಅಡುಗೆಯವರು, ಮೇಲಿಂದ ಬರುವ ಫೋನು. ಸಾಕಪ್ಪಾ ಅನ್ನಿಸುವುದು ಸಹಜ.

ಆದರೆ ನೀನೇ ಬರೆದ ಆ ಒಂದು ಘಟನೆ ನೋಡು. ಹುಡುಗಿ ಮತ್ತೆ ತಡವಾಗಿ ಬಂದಳು. ಊಟದ ಹಾಲ್‌ನಲ್ಲಿ, ಎಲ್ಲರೂ ತಟ್ಟೆ ಹಿಡಿದು ನಿಂತಿರುವಾಗ, ಅವಳನ್ನು ಬೈದೆ. ಅವಳು ಅತ್ತಳು. ನಿನಗೆ ಸಂಕಟವಾಯಿತು. ಮಾರನೇ ದಿನ ಇನ್ನಿಬ್ಬರು ತಡವಾಗಿ ಬಂದಾಗ ನೋಡಿಯೂ ನೋಡದ ಹಾಗೆ ಇದ್ದುಬಿಟ್ಟೆ. ಅಲ್ಲಿಗೆ ಹುಡುಗಿಯ ಮೇಲೆ ಗಟ್ಟಿಯಾದೆ, ನಿಯಮದ ವಿಷಯದಲ್ಲಿ ಮೆತ್ತಗಾದೆ. ಉಲ್ಟಾ ಆಗಬೇಕಿತ್ತು, ಅಲ್ವಾ? ಬಾಗಿಲು ಎಂಟಕ್ಕೆ ಅಂದರೆ ಎಂಟಕ್ಕೇ. ಆದರೆ ತಡವಾಗಿ ಬಂದವಳಿಗೆ ಊಟ ಎತ್ತಿಟ್ಟಿರಬೇಕು. ಎರಡೂ ಒಂದೇ ದಿನ, ಒಂದೇ ಬಾಗಿಲಲ್ಲಿ ಆಗುವಂಥದ್ದು. ಇಂದು ಗಟ್ಟಿ, ನಾಳೆ ಮೆತ್ತಗೆ ಅಂತ ಸರದಿ ಹಾಕಿಕೊಂಡರೆ ಮಕ್ಕಳಿಗೂ ಗೊಂದಲ, ನಿನಗೂ ಸುಸ್ತು. ಇನ್ನೊಂದು ಮಾತು. ಎರಡು ಪುಟ ತುಂಬ ಅವಳ ವಿಷಯವೇ ಇದೆ, ಅವಳ ಹೆಸರು ಮಾತ್ರ ಎಲ್ಲೂ ಇಲ್ಲ.

ಬಾಹುಬಲಿಯ ಕಥೆ ಚಿಕ್ಕಂದಿನಿಂದ ಕೇಳಿದ್ದೀಯ. ದೃಷ್ಟಿಯುದ್ಧ, ಜಲಯುದ್ಧ, ಮಲ್ಲಯುದ್ಧ, ಮೂರರಲ್ಲೂ ಅಣ್ಣ ಭರತನನ್ನು ಸೋಲಿಸಿದ. ಎಲ್ಲರೂ ತ್ಯಾಗದ ಬಗ್ಗೆ ಮಾತಾಡುತ್ತಾರೆ. ನನ್ನ ಮನಸ್ಸು ನಿಲ್ಲುವುದು ಅದಕ್ಕೂ ಮುಂಚೆ. ಅಣ್ಣನನ್ನು ಎರಡೂ ಕೈಯಲ್ಲಿ ಮೇಲಕ್ಕೆ ಎತ್ತಿದ್ದಾನೆ. ಎರಡೂ ಕಡೆಯ ಸೈನ್ಯ ನೋಡುತ್ತಿದೆ. ನೆಲಕ್ಕೆ ಅಪ್ಪಳಿಸಿದರೆ ತಪ್ಪು ಎನ್ನುವವರಿಲ್ಲ, ಮಲ್ಲಯುದ್ಧದ ರೀತಿಯೇ ಅದು. ಅವನು ಅಪ್ಪಳಿಸಲಿಲ್ಲ. ಮೆಲ್ಲಗೆ ಇಳಿಸಿದ. ಎತ್ತಿದ ಭಾರವನ್ನು ಬಿಸಾಡಲು ಶಕ್ತಿ ಬೇಕಿಲ್ಲ, ಕೈ ಬಿಟ್ಟರಾಯಿತು. ಪೆಟ್ಟಾಗದ ಹಾಗೆ ಇಳಿಸಬೇಕಾದರೆ ತೋಳಿನಲ್ಲಿ ಕೊನೆತನಕ ಬಲ ಇರಬೇಕು. ಹೆದರಿ ಸುಮ್ಮನಾಗುವವರನ್ನು ಮೃದು ಅಂತ ನಾನು ಕರೆಯುವುದಿಲ್ಲ. ಅವರು ಯಾರನ್ನೂ ಎತ್ತಿಯೇ ಇಲ್ಲ, ಇಳಿಸುವ ಮಾತೆಲ್ಲಿ?

ಆಮೇಲಿನದ್ದು ಇನ್ನೂ ಕಷ್ಟದ ಭಾಗ. ರಾಜ್ಯ ಬಿಟ್ಟ, ಒಂದು ವರ್ಷ ಅಲ್ಲಾಡದೆ ನಿಂತ. ಕಾಲಿಗೆ ಬಳ್ಳಿ ಹಬ್ಬಿತು, ಹುತ್ತ ಬೆಳೆಯಿತು. ಅಷ್ಟಾದರೂ ಕೇವಲಜ್ಞಾನ, ಅಂದರೆ ಪೂರ್ಣ ಅರಿವು, ಆಗಲಿಲ್ಲ. ನಾನು ನಿಂತಿರುವುದು ಭರತನ ನೆಲದ ಮೇಲೆ ಎಂಬ ಮುಳ್ಳು ಒಳಗೆ ಉಳಿದಿತ್ತು ಅಂತ ನಮ್ಮಲ್ಲಿ ಹೇಳುತ್ತಾರೆ. ಭರತನೇ ಬಂದು ನಮಸ್ಕಾರ ಮಾಡಿದ ಮೇಲೆ ಅದು ಹೋಯಿತಂತೆ. ಉಪವಾಸ, ಮೌನ, ಶಿಸ್ತು ಎಲ್ಲದರ ಒಳಗೂ ಈ ಬಿಗಿ ಕೂತಿರಬಹುದು. ಸಾಮಾಯಿಕಕ್ಕೆ ಕೂತು ಎದ್ದವರು ಮನೆಯವರ ಮೇಲೆ ಕಿರುಚುವುದನ್ನು ನೋಡಿಲ್ಲವೇ? (ಯಾರು ಅಂತ ಬರೆಯುವುದಿಲ್ಲ, ನಿನಗೇ ಗೊತ್ತು.)

ಶ್ರವಣಬೆಳಗೊಳದ ಗೊಮ್ಮಟನನ್ನು ಸುಮಾರು ಕ್ರಿ.ಶ. 981ರಲ್ಲಿ ನಿಲ್ಲಿಸಿದ ಚಾವುಂಡರಾಯ ಗಂಗರ ದಂಡನಾಯಕ, ಸಮರಪರಶುರಾಮ ಎಂದು ಬಿರುದು ಪಡೆದವನು. ಅಂಥ ಯುದ್ಧವೀರ ಕತ್ತಿ ಹಿಡಿದ ಮೂರ್ತಿ ಮಾಡಿಸಲಿಲ್ಲ ನೋಡು. 58 ಅಡಿ ಎತ್ತರದ ಗ್ರಾನೈಟ್ ಕಲ್ಲು, ಮುಖದಲ್ಲಿ ಮಾತ್ರ ಸಣ್ಣ ನಗು, ಅರ್ಧ ತೆರೆದ ಕಣ್ಣು. ಹಾಗಿದ್ದೂ ಚಾವುಂಡರಾಯನಿಗೂ ಗರ್ವ ಬಂತು ಅಂತ ಐತಿಹ್ಯ. ಕೊಡಗಟ್ಟಲೆ ಹಾಲು ಸುರಿದರೂ ಅಭಿಷೇಕ ತೊಡೆಯಿಂದ ಕೆಳಗೆ ಇಳಿಯಲಿಲ್ಲ. ಬಡ ಅಜ್ಜಿಯೊಬ್ಬಳು ಗುಳ್ಳಕಾಯಿಯ ಚಿಪ್ಪಿನಲ್ಲಿ ತಂದ ಹಾಲು ಪಾದದವರೆಗೂ ಹರಿಯಿತು. ಆ ಗುಳ್ಳಕಾಯಜ್ಜಿಯ ವಿಗ್ರಹ ಇವತ್ತಿಗೂ ಗೊಮ್ಮಟನ ಎದುರಿಗಿದೆ. ಹೋದವರೆಲ್ಲ ಮೇಲೆ ನೋಡಿ ಫೋಟೋ ತೆಗೆದು ಬರುತ್ತಾರೆ, ಅಜ್ಜಿಯ ಹತ್ತಿರ ನಿಲ್ಲುವವರು ಕಡಿಮೆ.

ಚಾವುಂಡರಾಯನ ಗುರು ನೇಮಿಚಂದ್ರರು ಕೋಪಕ್ಕೆ ನಾಲ್ಕು ದರ್ಜೆ ಹೇಳಿದ್ದಾರೆ. ಬಂಡೆ ಮೇಲಿನ ಗೆರೆ, ನೆಲದ ಮೇಲಿನದು, ಧೂಳಿನ ಮೇಲಿನದು, ನೀರಿನ ಮೇಲಿನದು. ಅಹಂಕಾರಕ್ಕೂ ಹಾಗೇ: ಕಲ್ಲು, ಮೂಳೆ, ಕಟ್ಟಿಗೆ, ಬೆತ್ತ. ಬೆತ್ತ ಬಾಗುತ್ತದೆ, ಕಲ್ಲು ಬಾಗುವುದಿಲ್ಲ. ನನಗೆ ಇಷ್ಟವಾಗುವುದು ಅದರ ಜೊತೆಗಿರುವ ಅವಧಿಯ ಲೆಕ್ಕ. ಮುನಿಗಳ ಮನಸ್ಸಿನಲ್ಲಿ ಕೋಪದ ಗುಂಗು ಒಂದು ಮುಹೂರ್ತದೊಳಗೆ, ಅಂದರೆ 48 ನಿಮಿಷದೊಳಗೆ ಕರಗಬೇಕು. ಅಣುವ್ರತ, ಅಂದರೆ ಮನೆಮಂದಿಯ ಸಣ್ಣ ವ್ರತಗಳನ್ನು, ಹಿಡಿದ ಗೃಹಸ್ಥರಿಗೆ ಒಂದು ಪಕ್ಷ, 15 ದಿನ. ಕೋಪವೇ ಬರಬಾರದು ಎಂದರೆ ಮನೆ ನಡೆಸುವವರಿಗೆ ಆಗದ ಮಾತು. ಬಂದದ್ದು ಎಷ್ಟು ದಿನ ಉಳಿಯಿತು ಎಂದು ಮಾತ್ರ ನೋಡಿಕೊ. ಅಲ್ಲಿ ನಿನ್ನ ಗಟ್ಟಿತನ ತೋರಿಸು, ನಿನ್ನ ಮೇಲೆಯೇ. ಯಾರ ಮೇಲೆ ಸಿಟ್ಟಿದೆ, ಎಂದಿನಿಂದ ಇದೆ, ಅಂತ ಒಂದು ಚೀಟಿಯಲ್ಲಿ ಬರೆದಿಡು. ಹದಿನೈದು ದಿನದೊಳಗೆ ನೀನೇ ಹೋಗಿ ಮಾತಾಡಿ ಮುಗಿಸು.

ಸಾಮಾಯಿಕ ಬಿಡಬೇಡ. ಕೊನೆಯಲ್ಲಿ "ಎಲ್ಲ ಜೀವಗಳನ್ನೂ ಕ್ಷಮಿಸುತ್ತೇನೆ, ಎಲ್ಲ ಜೀವಗಳೂ ನನ್ನನ್ನು ಕ್ಷಮಿಸಲಿ" ಅನ್ನುವಾಗ ಎಲ್ಲ ಜೀವ ಅಂತ ಜಾರಿಕೊಂಡು ಹೋಗಬೇಡ. ಒಬ್ಬರ ಮುಖ ತಂದುಕೊ. ಎಲ್ಲ ಜೀವಗಳನ್ನೂ ಕ್ಷಮಿಸುವುದು ಬಹಳ ಸುಲಭ, ಪಕ್ಕದ ರೂಮಿನವರನ್ನು ಕ್ಷಮಿಸುವುದೇ ಕಷ್ಟ. ಹಾಗೆಯೇ ಅಡುಗೆಯವರು ಲೆಕ್ಕ ತಪ್ಪಿಸುತ್ತಿದ್ದಾರೆ ಅಂತ ಬರೆದೆಯಲ್ಲ, ಅದನ್ನು ಕ್ಷಮೆ ಅಂತ ಮುಚ್ಚಿಡಬೇಡ. ಕೂರಿಸಿ, ಪುಸ್ತಕ ತೆರೆದು, ದನಿ ಏರಿಸದೆ ಕೇಳು. ಮಕ್ಕಳ ಅಕ್ಕಿ ಅದು.

ಆ ಹುಡುಗಿಯನ್ನು ಈ ಭಾನುವಾರ ಕರೆಸು. ಬೈದದ್ದಕ್ಕೆ ಅಲ್ಲ, ಎಲ್ಲರೆದುರು ಬೈದದ್ದಕ್ಕೆ ಕ್ಷಮೆ ಕೇಳು. ಯಾಕೆ ತಡವಾಗುತ್ತದೆ ಅಂತಲೂ ಕೇಳು, ಬಸ್ಸಿನದ್ದೇ ತೊಂದರೆ ಇರಬಹುದು. ಎಂಟರ ಬಾಗಿಲು ಎಂಟಕ್ಕೇ ಇರಲಿ.

ದೀಪಾವಳಿ ರಜೆಗೆ ಬಾ, ಗೊಮ್ಮಟನ ಬೆಟ್ಟ ಹತ್ತೋಣ. 600ಕ್ಕೂ ಜಾಸ್ತಿ ಮೆಟ್ಟಿಲು, ನನ್ನ ಮಂಡಿ ಏನನ್ನುತ್ತದೋ. ಬೆಳಿಗ್ಗೆಯೇ ಹೊರಡಬೇಕು, ಹೊತ್ತೇರಿದರೆ ಬರಿಗಾಲಲ್ಲಿ ಬಂಡೆ ಸುಡುತ್ತದೆ. ನಿಮ್ಮಮ್ಮನಿಗೂ ಹೇಳು, ಆದರೆ ಈ ಸಲ ಚಕ್ಕುಲಿ ಡಬ್ಬ ಹೊತ್ತುಕೊಂಡು ಬರುವುದು ಬೇಡ ಅನ್ನು, ಇಲ್ಲೇ ಮಾಡಿರುತ್ತೇನೆ.

ನಿನ್ನ,
ದೊಡ್ಡಮ್ಮ