ಶನಿವಾರದ ಹಾರಾಟಕ್ಕೆ ಮುಂಚೆ, ತಿರುವಿನ ಬಗ್ಗೆ

ಎಲ್ಲರಿಗೂ ನಮಸ್ಕಾರ. ಶನಿವಾರ ತಿರುವುಗಳ ಅಭ್ಯಾಸ ಇದೆ. ದಯವಿಟ್ಟು ಇದನ್ನು ಓದಿಕೊಂಡು ಬನ್ನಿ.

ವಿಮಾನವನ್ನು ತಿರುಗಿಸುವುದು ರಡರ್ (ಕಾಲಿನ ಪೆಡಲ್‌ನಿಂದ ಆಡುವ ಬಾಲದ ಹಲಗೆ) ಅಲ್ಲ, ವಾಲಿದ ರೆಕ್ಕೆ. ವಾಲಿದಾಗ ಲಿಫ್ಟ್‌ನ, ಅಂದರೆ ರೆಕ್ಕೆಯ ಎತ್ತುವ ಬಲದ, ಒಂದು ಪಾಲು ಪಕ್ಕಕ್ಕೆ ಎಳೆಯುತ್ತದೆ. ಎತ್ತರ ಉಳಿಯಬೇಕಾದರೆ ಸ್ಟಿಕ್ ಹಿಂದಕ್ಕೆ ಎಳೆಯಬೇಕು, ಆಗ ರೆಕ್ಕೆಯ ಮೇಲೆ ಹೊರೆ ಏರುತ್ತದೆ. ಎತ್ತರ ಬಿಡದೆ 60 ಡಿಗ್ರಿ ವಾಲಿದರೆ 2 ಜಿ, ಅಂದರೆ ತೂಕದ ಎರಡು ಪಟ್ಟು ಹೊರೆ. ತೊಡೆ ಮೇಲಿನ ಕೈ ಎತ್ತಿ ನೋಡಿ, ಎರಡು ಪಟ್ಟು ಭಾರ ಅನ್ನಿಸುತ್ತದೆ. ನೇರ ಹಾರಾಟದಲ್ಲಿ 50 ನಾಟ್ ವೇಗಕ್ಕೆ ಸ್ಟಾಲ್ ಆಗುವ (ರೆಕ್ಕೆ ಲಿಫ್ಟ್ ಕಳೆದುಕೊಳ್ಳುವ) ವಿಮಾನ ಆಗ ಸುಮಾರು 71 ನಾಟ್‌ಗೇ ಸ್ಟಾಲ್ ಆಗುತ್ತದೆ.

ಸೆಸ್ನಾ 172 ವಿಮಾನ ತಡೆಯುವ ಹೊರೆಯ ಮಿತಿ ನಾರ್ಮಲ್ ವರ್ಗದಲ್ಲಿ (ಸಾಮಾನ್ಯ ಹಾರಾಟಕ್ಕೆ) 3.8 ಜಿ. ಫ್ಲಾಪ್ (ರೆಕ್ಕೆಯ ಹಿಂಬದಿಯ ಹಲಗೆ) ಇಳಿಸಿದ್ದರೆ 3 ಮಾತ್ರ.

ನನಗೆ ಜಾಸ್ತಿ ಭಯ ರನ್‌ವೇ ಕಡೆಗಿನ ಕೊನೆಯ ತಿರುವಿನದ್ದು. ತಿರುಗುತ್ತಾ ರನ್‌ವೇ ನೇರದ ಗೆರೆ ದಾಟಿಹೋದರೆ ಕಾಲು ತಾನಾಗೇ ಒಳಗಿನ ರಡರ್ ಒತ್ತುತ್ತದೆ, ಅಲ್ವಾ? ವಿಮಾನ ಅಡ್ಡ ಜಾರುವುದನ್ನು ತೋರಿಸುವ ಉಪಕರಣದ ಚೆಂಡು ಹೊರಕ್ಕೆ ಜಾರುತ್ತದೆ. ಆಗ ಸ್ಟಿಕ್ ಕೂಡ ಎಳೆದರೆ ಒಳಗಿನ ರೆಕ್ಕೆ ಮೊದಲು ಸ್ಟಾಲ್ ಆಗಿ ವಿಮಾನ ಸ್ಪಿನ್‌ಗೆ (ಗಿರಕಿ ಹೊಡೆಯುತ್ತಾ) ಬೀಳುತ್ತದೆ. ಅಷ್ಟು ಕೆಳಗೆ ಸರಿಪಡಿಸಲು ಎತ್ತರವೇ ಇರುವುದಿಲ್ಲ. ಗೆರೆ ದಾಟಿತಾ? ಎಳೆದಾಡಬೇಡಿ, ಗೋ ಅರೌಂಡ್ ಮಾಡಿ, ಅಂದರೆ ಇಳಿಯುವುದು ಬಿಟ್ಟು ಮೇಲೇರಿ ಮತ್ತೆ ಸುತ್ತಿ ಬನ್ನಿ. ಯಾರೂ ಬೈಯುವುದಿಲ್ಲ.